ಮೂರು ಬಗೆಯ ಎನ್‌ಡಿ ಫಿಲ್ಟರ್, ಒಂದೇ ಬ್ಯಾಗು

ಹಾಡುಹಗಲಲ್ಲಿ ನೀರನ್ನು ಹಾಲಿನಂತೆ ಹರಿಸುವ ಆಸೆಗೆ ನಾನು ಮೊದಲು ಕೊಂಡದ್ದು ವೇರಿಯಬಲ್ ಎನ್‌ಡಿ. ಎನ್‌ಡಿ ಅಂದರೆ ಲೆನ್ಸಿನ ಮುಂದೆ ಕೂರಿಸಿ ಬೆಳಕು ತಗ್ಗಿಸುವ ಕಪ್ಪು ಗಾಜು; ಬೆಳಕು ತಗ್ಗಿದಷ್ಟೂ ಶಟರ್ ಹೆಚ್ಚು ಹೊತ್ತು ತೆರೆದಿಡಬಹುದು, ಹರಿಯುವ ನೀರು ನುಣುಪಾಗುತ್ತದೆ. ಉಂಗುರ ತಿರುಗಿಸಿದರೆ 2ರಿಂದ 8 ಸ್ಟಾಪ್‌ವರೆಗೆ ಬೆಳಕು ಇಳಿಯುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ), ಇನ್ನೇನು ಬೇಕು ಅಂದುಕೊಂಡಿದ್ದೆ. ಅದರೊಳಗಿರುವುದು ಒಂದರ ಮೇಲೊಂದು ಕೂರಿಸಿದ ಎರಡು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್. ಕೊನೆಯವರೆಗೆ ತಿರುಗಿಸಿದೆ, ವೈಡ್ ಲೆನ್ಸ್ ಬೇರೆ. ಆಕಾಶಕ್ಕೆ ಅಡ್ಡಲಾಗಿ ಇಂಟು ಗುರುತಿನಂಥ ಕಪ್ಪು ನೆರಳು! ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಗೊತ್ತಾಗಿರಲಿಲ್ಲ, ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಕಂಡಿತು. ಒಂದು ಇಡೀ ಬೆಳಗಿನ ಚಿತ್ರಗಳು ಹೋದವು. ವಿಡಿಯೊಗೆ ಮಾತ್ರ ಇದು ಈಗಲೂ ಸೈ.

ಆಮೇಲೆ ಬಂದದ್ದು ಲೆನ್ಸಿಗೆ ತಿರುಪುವ 10 ಸ್ಟಾಪ್. ಸಾವಿರದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. 1/60 ಸೆಕೆಂಡು ಸಾಕಾಗುವ ಕಡೆ ಸುಮಾರು 17 ಸೆಕೆಂಡು ಬೇಕು. ನೆರಳಿನ ಕಾಟವಿಲ್ಲ. ಆದರೆ ಹಾಕಿದ ಮೇಲೆ ವ್ಯೂಫೈಂಡರಿನಲ್ಲಿ ಕಗ್ಗತ್ತಲು. ಮೊದಲೇ ಫ್ರೇಮ್, ಫೋಕಸ್ ಎರಡನ್ನೂ ಹೊಂದಿಸಿ, ಆಟೋಫೋಕಸ್ ಆಫ್ ಮಾಡಿ ಆಮೇಲೆ ತಿರುಪಬೇಕು. ತಿರುಪುವಾಗ ಫೋಕಸ್ ರಿಂಗಿಗೆ ಬೆರಳು ತಾಗಿತೋ, ಎಲ್ಲ ಮೊದಲಿನಿಂದ. ಒಮ್ಮೆಯಂತೂ ಫಿಲ್ಟರ್ ಕಚ್ಚಿಕೊಂಡು ಬಿಚ್ಚಲು ಬಾರದೆ, ನಾನು ಗುದ್ದಾಡುತ್ತಿದ್ದಂತೆಯೇ ಸೂರ್ಯ ಮುಳುಗಿಹೋದ. ಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇದ್ದವರು ಕಣ್ಣಿಡುವ ಕಿಂಡಿಯನ್ನೂ ಮುಚ್ಚಬೇಕು. ಹಿಂದಿನಿಂದ ನುಸುಳಿದ ಬೆಳಕು ಚಿತ್ರದ ಮೇಲೆ ಪಟ್ಟೆ ಎಳೆಯುತ್ತದೆ. ನನ್ನ ಫಿಲ್ಟರ್ ಅಗ್ಗದ್ದು, ಚಿತ್ರವೆಲ್ಲ ಕೆಂಗಂದು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಸಮತೋಲ, ಸರಿಪಡಿಸಿದರೂ ನೆರಳಿರುವ ಕಡೆ ಆ ಬಣ್ಣ ಪೂರ್ತಿ ಹೋಗಲಿಲ್ಲ.

ಹೋಲ್ಡರಿಗೆ ಮೇಲಿನಿಂದ ಇಳಿಬಿಡುವ ಚೌಕ 10 ಸ್ಟಾಪ್ ಗಾಜು ಈ ತಿರುಪಿನ ರಗಳೆಯನ್ನು ತಪ್ಪಿಸಿತು. ಎತ್ತಿ ಫೋಕಸ್ ಮಾಡು, ಇಳಿಸು, ಒತ್ತು. ಸುಖವೇ ಸರಿ, ಆದರೆ ಗಾಳಿ ಬಂದರೆ ಇಡೀ ಹೋಲ್ಡರ್ ನಡುಗುತ್ತದೆ. ಅಂಚಿನ ಫೋಮ್ ಲೆನ್ಸಿನ ಕಡೆಗೇ ಇರಬೇಕು, ಇಲ್ಲದಿದ್ದರೆ ಸಂದಿಯಿಂದ ಬೆಳಕು ಒಳನುಗ್ಗುತ್ತದೆ. ಗಾಜು ಕೈಜಾರಿದರೆ ಕಥೆ ಮುಗಿಯಿತು.

ಇಷ್ಟೆಲ್ಲ ಹೊತ್ತು ಓಡಾಡಿದ ಮೇಲೆ ನನ್ನ ಲೆನ್ಸಿನ ಮೇಲೆ ಹೆಚ್ಚಾಗಿ ಕೂರುವುದು ಯಾವುದು ಗೊತ್ತೇ? ಸಾದಾ 6 ಸ್ಟಾಪ್ ತಿರುಪಿನ ಫಿಲ್ಟರ್. 1/60 ಅದರಲ್ಲಿ ಸುಮಾರು 1 ಸೆಕೆಂಡಾಗುತ್ತದೆ. ಜಲಪಾತಕ್ಕೆ ಅಷ್ಟು ಸಾಕು, ನೀರಿನ ಎಳೆಗಳು ಉಳಿಯುತ್ತವೆ. 17 ಸೆಕೆಂಡಿಗೆ ಅದೇ ನೀರು ಹತ್ತಿಯ ಉಂಡೆ. ಒಳ್ಳೆಯ ಬೆಳಕಿದ್ದರೆ ಫೋಕಸ್ ಕೂಡ ಬಹಳ ಸಲ ಫಿಲ್ಟರಿನ ಮೂಲಕವೇ ಸಿಗುತ್ತದೆ. ಮೋಡ ಓಡುವ ದಿನ, ಕಡಲನ್ನು ಮಂಜಾಗಿಸಬೇಕೆನಿಸಿದ ದಿನ ಮಾತ್ರ 10 ಸ್ಟಾಪ್ ಹೊರಗೆ ಬರುತ್ತದೆ, ಅದೂ ಗಾಳಿ ಇಲ್ಲದಿದ್ದರೆ ಚೌಕದ್ದೇ.