ಮೊದಲ ಬೈಕ್ ಆಗಿ ಸ್ಪ್ಲೆಂಡರ್ ಪ್ಲಸ್: ಆರು ತಿಂಗಳ ಅನುಭವ

ನನಗೆ 19 ವರ್ಷ, ಎತ್ತರ 5 ಅಡಿ 2 ಇಂಚು. ಮನೆ ಧಾರವಾಡ, ಕಾಲೇಜು ಹುಬ್ಬಳ್ಳಿ. ಒಂದು ಕಡೆಗೇ ಸುಮಾರು 20 ಕಿಲೋಮೀಟರ್. ಮನಸ್ಸೆಲ್ಲ 160 ಸಿಸಿ ಗಾಡಿ ಮೇಲಿತ್ತು. ಕಾಕಾ ಮಾತ್ರ, "ಮೊದಲ ಕಾಲು ನೆಲಕ್ಕ ಮುಟ್ಟಬೇಕವಾ, ಸ್ಪೀಡು ಆಮೇಲೆ" ಅಂದರು.

ಅವರು ಹೇಳಿದ್ದೇ ಸರಿ. ಸ್ಪ್ಲೆಂಡರ್ ಸೀಟಿನ ಎತ್ತರ 785 ಮಿಲಿಮೀಟರ್, ತೂಕ 112 ಕೆಜಿ. ಎರಡೂ ಪಾದ ನೆಲಕ್ಕೆ ತಾಗುತ್ತವೆ. ಉಣಕಲ್ ಹತ್ತಿರ ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ಗಾಬರಿ ಆಗುವುದಿಲ್ಲ. ಕ್ಲಚ್ ಹಗುರ. ವಿಶ್ವವಿದ್ಯಾಲಯದ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಹೊರಡಿಸುವುದನ್ನು ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಹೋಗಿ ಕಲಿತೆ. ಹೊಸಬರು ಅದನ್ನೇ ಜಾಸ್ತಿ ಮಾಡಿ.

97.2 ಸಿಸಿ ಎಂಜಿನ್, ನಾಲ್ಕು ಗೇರ್. ಊರೊಳಗೆ ಇಷ್ಟು ಸಾಕು. ಬೈಪಾಸ್‌ನಲ್ಲಿ ಲಾರಿ ದಾಟುವ ಶಕ್ತಿ ಇದಕ್ಕಿಲ್ಲ, ಪ್ರಯತ್ನವೂ ಬೇಡ. ನನ್ನದರಲ್ಲಿ ಮುಂದೆಯೂ ಡ್ರಮ್ ಬ್ರೇಕ್, ಹಾಗಾಗಿ ಸ್ವಲ್ಪ ಮೊದಲೇ ಹಿಡಿಯಬೇಕು. ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಮಳೆಯಲ್ಲಿ ಅದೊಂದು ಧೈರ್ಯ.

ಕೊಳ್ಳುವಾಗ ಬಿಲ್ ಸಾಲುಸಾಲಾಗಿ ಓದಿ. ನಾನು ಹೋದ ಮೊದಲ ಶೋರೂಮ್‌ನಲ್ಲಿ ಕೇಳದ ಬಿಡಿಭಾಗಗಳನ್ನೆಲ್ಲ ಸೇರಿಸಿದ್ದರು. ಎದ್ದು ಬಂದೆ. ಉಳಿದ ದುಡ್ಡಲ್ಲಿ ಐಎಸ್‌ಐ ಗುರುತಿನ ಒಳ್ಳೆ ಹೆಲ್ಮೆಟ್ ತಗೊಂಡೆ, ಅಮ್ಮನಿಗೂ ಒಂದು.