ಆನ್‌ಲೈನ್ ಸೀರೆ, ನಕಲಿ ಕಸ್ಟಮರ್ ಕೇರ್: ಮನೆಯ ಹಿರಿಯರಿಗೆ ದಯವಿಟ್ಟು ಹೇಳಿ

ಅರಸೀಕೆರೆಯಲ್ಲಿರುವ ನಮ್ಮ ಚಿಕ್ಕಮ್ಮನ ಅಕೌಂಟಿನಿಂದ ಒಂದೇ ಮಧ್ಯಾಹ್ನ 48,000 ರೂಪಾಯಿ ಹೋಯಿತು. ಶುರುವಾಗಿದ್ದು 1,499 ರೂಪಾಯಿಯ ಒಂದು ಸೀರೆಯಿಂದ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ ಕಣೇ, ಆದರೆ ಬರಿ. ನಾಲ್ಕು ಜನಕ್ಕೆ ಗೊತ್ತಾಗಲಿ" ಅಂದರು.

ಮಗಳ ಸೀಮಂತ ಹತ್ತಿರ ಬಂದಿತ್ತು. ಮೊಬೈಲಿನಲ್ಲಿ ರೀಲ್ಸ್ ನೋಡುವಾಗ ನಡುವೆ ಜಾಹೀರಾತು ಬಂತು: "ಅಪ್ಪಟ ಮೈಸೂರು ಸಿಲ್ಕ್, ಅಂಗಡಿ ಮುಚ್ಚುತ್ತಿದ್ದೇವೆ, ಇವತ್ತೇ ಕೊನೆ." ಕೆಳಗೆ ಗಡಿಯಾರ ಓಡುತ್ತಿತ್ತು, ಇನ್ನು ಹತ್ತೇ ನಿಮಿಷ ಅಂತ. ಆಮೇಲೆ ನಾನು ಅದೇ ಪುಟ ತೆರೆದು ನೋಡಿದೆ. ರಿಫ್ರೆಶ್ ಮಾಡಿದ ಕೂಡಲೇ ಗಡಿಯಾರ ಮತ್ತೆ ಹತ್ತು ನಿಮಿಷದಿಂದಲೇ ಶುರುವಾಯಿತು. ಹೀಗೆ ಸುಳ್ಳು ಅವಸರ ಹುಟ್ಟಿಸಿ ಮಾರುವುದನ್ನು ಕೇಂದ್ರ ಸರ್ಕಾರ 2023ರ ಮಾರ್ಗಸೂಚಿಯಲ್ಲೇ ತಪ್ಪು ಅಂತ ಹೇಳಿದೆ. ಆದರೂ ನಡೆಯುತ್ತಲೇ ಇದೆ.

ಬೆಲೆಯನ್ನೇ ನೋಡಿ. ಮೈಸೂರು ಸಿಲ್ಕ್ ಅಂದರೆ ಕೆಎಸ್‌ಐಸಿ, ಅಂದರೆ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮದ ಸೀರೆ. ಅದಕ್ಕೆ ಶುದ್ಧ ರೇಷ್ಮೆ ಬೇಕು, ಜರಿಗೆ ಬೆಳ್ಳಿ ಬೇಕು, ಚೂರು ಚಿನ್ನವೂ ಬೇಕು. ಪ್ರತಿ ಸೀರೆಗೂ ಅದರದ್ದೇ ಕೋಡ್ ನಂಬರ್, ಹಾಲೋಗ್ರಾಂ ಇರುತ್ತದೆ. ಆ ಸೀರೆ 1,499ಕ್ಕೆ ಹೇಗೆ ಬರುತ್ತದೆ? ಕಚ್ಚಾ ರೇಷ್ಮೆಗೇ ಅಷ್ಟು ದುಡ್ಡು ಸಾಲುವುದಿಲ್ಲ. ಬೇರೆ ರೇಷ್ಮೆ ಸೀರೆಗಳಿಗಾದರೆ ಸಿಲ್ಕ್ ಮಾರ್ಕ್ ಇದೆಯಾ ನೋಡಬಹುದು. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ ನಡೆಯುವ ಗುರುತು ಅದು. ಬರೀ ಫೋಟೋ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಯಾಕಂದರೆ ಫೋಟೋ ನಿಜವಾದ ಸೀರೆಯದ್ದೇ ಆಗಿರುತ್ತದೆ, ಬೇರೆಲ್ಲಿಂದಲೋ ಕದ್ದದ್ದು.

"ದುಡ್ಡು ಮೊದಲೇ ಕೊಡಬೇಕಿಲ್ಲ, ಕ್ಯಾಶ್ ಆನ್ ಡೆಲಿವರಿ ಇದೆ" ಅನ್ನುವುದು ಚಿಕ್ಕಮ್ಮನ ಧೈರ್ಯ. ಬಹಳ ಜನಕ್ಕೆ ಇದೇ ಧೈರ್ಯ ಇರುತ್ತದೆ. ಆದರೆ ದುಡ್ಡು ಕೊಟ್ಟ ಮೇಲೆಯೇ ಪಾರ್ಸೆಲ್ ಕೈಗೆ ಬರುವುದು. ತಂದುಕೊಡುವ ಹುಡುಗನಿಗೆ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಅವನ ಮೇಲೆ ರೇಗಾಡಿ ಪ್ರಯೋಜನವಿಲ್ಲ.

ಬೂದು ಬಣ್ಣದ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಸೀಮೆಎಣ್ಣೆಯಂಥ ವಾಸನೆ. ಅಂಚಿನ "ಜರಿ" ಉಗುರಿನಲ್ಲಿ ಕೆರೆದರೆ ಹೊಳೆಯುವ ಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು, ಅಚ್ಚು ಹಾಕಿದ್ದು ಅಷ್ಟೆ. ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಕರಿ ಗುಂಡಾಯಿತು. ಪಾಲಿಯೆಸ್ಟರ್.

ಇಲ್ಲಿಗೇ ಮುಗಿದಿದ್ದರೆ 1,499 ಹೋಯಿತು ಅಂತ ಬಿಡಬಹುದಿತ್ತು. ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಮುಂದಿನದು.

ಸೀರೆ ವಾಪಸ್ ಕಳಿಸೋಣ ಅಂತ ಚಿಕ್ಕಮ್ಮ ಆ ಅಂಗಡಿಯ ಹೆಸರಿನ ಜೊತೆ "ಕಸ್ಟಮರ್ ಕೇರ್ ನಂಬರ್" ಅಂತ ಹುಡುಕಿದರು. ಒಂದು ಮೊಬೈಲ್ ನಂಬರ್ ಸಿಕ್ಕಿತು. ಎತ್ತಿದವನು ಒಳ್ಳೆಯ ಕನ್ನಡದಲ್ಲೇ ಮಾತಾಡಿದ. "ಬೇಜಾರು ಮಾಡ್ಕೋಬೇಡಿ ಅಮ್ಮ, ಪೂರ್ತಿ ದುಡ್ಡು ವಾಪಸ್ ಬರುತ್ತೆ" ಅಂದ. ವಾಟ್ಸಾಪಿನಲ್ಲಿ ರಿಫಂಡ್ ಫಾರಂ ಅಂತ ಒಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕುವ ಫೈಲ್) ಕಳಿಸಿ ಹಾಕಿಸಿಕೊಳ್ಳಲು ಹೇಳಿದ. ಆಮೇಲೆ "ನಿಮ್ಮ ಅಕೌಂಟ್ ಸರಿಯಿದೆಯಾ ನೋಡೋಕೆ ಐದು ರೂಪಾಯಿ ಕಳಿಸಿ" ಅಂದ. ಅವರು ಪಿನ್ ಒತ್ತಿದರು. ಆ ಆ್ಯಪ್ ಮೊಬೈಲಿಗೆ ಬರುವ ಮೆಸೇಜುಗಳನ್ನು ಅವನ ಕಡೆಗೆ ಕಳಿಸುತ್ತಿತ್ತು. ಬ್ಯಾಂಕಿನ ಓಟಿಪಿ ಕೂಡ.

ಸಂಜೆ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಗೆ ಸ್ಕ್ಯಾನ್ ಮಾಡಿದಾಗ ದುಡ್ಡಿಲ್ಲ ಅಂತ ಬಂತು. ಅಷ್ಟು ಹೊತ್ತಿಗೆ ಅವರಿಗೆ ಎಲ್ಲ ಅರ್ಥವಾಗಿದೆ. ಆದರೆ ಚಿಕ್ಕಪ್ಪ ಬೈಯುತ್ತಾರೆ ಅಂತ ಸುಮ್ಮನಿದ್ದರು. ಊಟ ಬಡಿಸಿ, ಪಾತ್ರೆ ತೊಳೆದು, ಎಲ್ಲರೂ ಮಲಗಿದ ಮೇಲೆ ನನಗೆ ಫೋನ್ ಮಾಡಿದರು. ನಾವು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಕೊನೆಗೆ ಹೋಗಿದ್ದ 9,000 ಮಾತ್ರ ಆ ಕಡೆಯ ಬ್ಯಾಂಕಿನಲ್ಲಿ ಹೋಲ್ಡ್ ಆಯಿತು. ಉಳಿದದ್ದು ಆಗಲೇ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ದಾಟಿ ಹೋಗಿತ್ತು. ಹೋಲ್ಡ್ ಆಗಿರುವುದು ಇನ್ನೂ ಕೈಗೆ ಬಂದಿಲ್ಲ, ಓಡಾಡುತ್ತಿದ್ದೇವೆ.

ಆ ಸಂಜೆಯ ಗಂಟೆಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೋಸ ಮಾಡಿದವನು ಒಬ್ಬ, ಹೆದರಬೇಕಾಗಿ ಬಂದದ್ದು ಮಾತ್ರ ಮನೆಯವರಿಗೆ. ಇಡೀ ಜೀವನ ಲೆಕ್ಕ ಹಾಕಿ ಸಂಸಾರ ತೂಗಿಸಿದ ಹೆಂಗಸು ತನ್ನದೇ ದುಡ್ಡು ಕಳುವಾದಾಗ ಹೇಳಿಕೊಳ್ಳಲು ಹೆದರಬೇಕಾ?

ಆನ್‌ಲೈನಿನಲ್ಲಿ ಅಗ್ಗಕ್ಕೆ ಕೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ. ಊರಲ್ಲೆಲ್ಲೂ ಸಿಗದ ಹಳೇ ಮಿಕ್ಸಿಯ ಜಾರ್ ನಾನು ಹಾಗೇ ತರಿಸಿದ್ದು. ಮಕ್ಕಳ ಪುಸ್ತಕ ಎಷ್ಟೋ ಸಲ ಕಡಿಮೆ ಬೆಲೆಗೆ ಸಿಕ್ಕಿದೆ. ಇಳಕಲ್‌ನಂಥ ಊರಿನ ನೇಕಾರರೇ ನೇರವಾಗಿ ಸೀರೆ ಕಳಿಸಿದರೆ ನಮಗೂ ಉಳಿತಾಯ, ಅವರಿಗೂ ಜಾಸ್ತಿ ದುಡ್ಡು. ಆದರೆ ಮಾರುವವರು ಯಾರು ಅಂತ ಗೊತ್ತಿರಬೇಕು ಅಲ್ವಾ? 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಸೈಟಿನಲ್ಲಿ ಕಂಪನಿಯ ಹೆಸರು, ವಿಳಾಸ, ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಇರಲೇಬೇಕು. ಚಿಕ್ಕಮ್ಮ ಕೊಂಡ ಪುಟದಲ್ಲಿ ಇವು ಯಾವುದೂ ಇರಲಿಲ್ಲ. ಇವು ಇಲ್ಲದಿದ್ದರೆ ಅಲ್ಲಿಂದ ಹೊರಗೆ ಬನ್ನಿ, ಸಾಮಾನು ಎಷ್ಟೇ ಚೆನ್ನಾಗಿ ಕಾಣಲಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ವಿಳಾಸದ ಚೀಟಿಯೂ ಕಾಣಲಿ. ಕೆಟ್ಟ ಸಾಮಾನು ಬಂದರೆ ಆರ್ಡರ್ ಮಾಡಿದ ಆ್ಯಪ್‌ನ ಒಳಗಿಂದಲೇ ದೂರು ಕೊಡಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಹುಡುಕಿದಾಗ ಸಿಗುವ ನಂಬರಿಗೆ ಮಾತ್ರ ಮಾಡಲೇಬೇಡಿ. ದುಡ್ಡು ನಮ್ಮ ಅಕೌಂಟಿಗೆ ಬರಲು ಪಿನ್ ಬೇಕಾಗಿಲ್ಲ, ಆ್ಯಪ್ ಹಾಕಿಸಿಕೊಳ್ಳಬೇಕಾಗಿಲ್ಲ.

ಒಂದು ವೇಳೆ ಆಗಿಹೋಯಿತು ಅಂದರೆ ಮೊದಲು ಆ ಮೊಬೈಲಿನ ಇಂಟರ್‌ನೆಟ್ ಬಂದ್ ಮಾಡಿ. ಬೇರೆ ಫೋನಿನಿಂದ 1930ಕ್ಕೆ ಮಾಡಿ, ಆಮೇಲೆ ಬ್ಯಾಂಕಿಗೆ. ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ವಹಿವಾಟಿನ ನಂಬರ್ ಏನು, ಯಾವ ಬ್ಯಾಂಕ್, ಅವನು ಮಾತಾಡಿದ ನಂಬರ್ ಯಾವುದು ಅಂತ ಕೇಳುತ್ತಾರೆ. ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ಹೀಗೆ ಅಳುತ್ತಾ ಬಂದು ಹೇಳಿದರೆ, "ಯಾಕೆ ಮಾಡಿದೆ" ಅಂತ ಕೇಳುವ ಮೊದಲು ಆ ಕರೆ ಮಾಡಿ.