ಆರ್ಡುಯಿನೋ ಊನೋ ಆರ್3: ಪುಸ್ತಕ ಬದಿಗಿಡಿಸಿದ ಬೋರ್ಡು

ಎರಡು ವರ್ಷದಾಗ ಪ್ರೋಗ್ರಾಮಿಂಗ್ ಕಲಿಯೋ ಮೂರು ಪುಸ್ತಕ ತಂದೆ. ಮೂರರಾಗೂ ಲೂಪ್ (ಒಂದೇ ಕೆಲಸ ಮತ್ತ ಮತ್ತ ಮಾಡಿಸೋದು) ಅಧ್ಯಾಯಕ್ಕ ಬಂದು ಬಂಡಿ ನಿಂತಿತು. ಫಿಬೊನಾಚಿ ಅನ್ನೋ ಅಂಕಿ ಸರಣಿ ಬರೆದು ನಾ ಏನ್ ಮಾಡ್ಲಿ? ಕಡೀಕ ಆರ್ಡುಯಿನೋ ಊನೋ ಅನ್ನೋ, ನಾವು ಬರೆದ ಪ್ರೋಗ್ರಾಮ್ ನಡೆಸೋ ಈ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿನ ಕಿಟ್ ತರಿಸಿದೆ. ವಿಜಯಪುರ ಜಿಲ್ಲೆಯ ತಿಕೋಟಾ ಹತ್ರ ನಮ್ಮ ದ್ರಾಕ್ಷಿ ತೋಟ ಅದ. ಮಣ್ಣು ಒಣಗಿದ್ರ ದೀಪ ಹತ್ತಬೇಕು, ಅಷ್ಟೇ ಗುರಿ.

ಬೋರ್ಡಿನ ಮ್ಯಾಲೇ 13ನೇ ಪಿನ್ನಿಗೆ ಒಂದು ಎಲ್‌ಇಡಿ ಅದ. ಅದು ಮಿಣುಕಿದ್ದ ನೋಡಾಕ ಅವ್ವ ರೊಟ್ಟಿ ಬಡಿಯೋದು ಬಿಟ್ಟು ಬಂದ್ಲು. ಮಣ್ಣಿನ ತೇವ ಅಳೆಯೋ ಸೆನ್ಸರನ್ನ ಅನಲಾಗ್ ಪಿನ್ನಿಗೆ (ಏರಿಳಿತ ಅಳೆಯೋ ಪಿನ್ನು) ಹಚ್ಚಿದ್ರ 0ಯಿಂದ 1023ರ ತನಕ ಅಂಕಿ ಬರ್ತಾವ. ಎರಡು ಡಬ್ಬಿಯಾಗ ಹಸಿ ಮಣ್ಣು, ಒಣ ಮಣ್ಣು ತುಂಬಿ ಅಂಕಿ ಬರಕೊಂಡೆ. ಇಫ್-ಎಲ್ಸ್ (‘ಹಿಂಗಿದ್ರ ಇದು, ಇಲ್ಲಂದ್ರ ಅದು’ ಅನ್ನೋ ಆಜ್ಞೆ) ಯಾಕ ಬೇಕಂತ ಅವತ್ತು ತಿಳೀತು.

ಕಿಟ್ಟಿನಾಗ ಬಂದ ಎರಡು ಕಾಲಿನ ಸೆನ್ಸರ್ ಮಾತ್ರ ದಂಡ. ಹಸಿ ಮಣ್ಣಿನಾಗ ಸದಾ ಕರೆಂಟ್ ಹರಿದು ಲೋಹ ತಿಂದುಹೋಗ್ತದ. ಮೂರು ವಾರಕ್ಕ ಕಪ್ಪಾತು. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಬ್ಯಾರೆ ಕೊಳ್ರಿ. ಕೇಬಲ್ಲೂ ಗಿಡ್ಡ. ವೈಫೈ ಇಲ್ಲ. ಪಂಪಿನ ಮೋಟರಂತೂ ನೇರ ಹಚ್ಚಬ್ಯಾಡ್ರಿ.

ಅಪ್ಪ ಇನ್ನೂ ಮಣ್ಣು ಮುಷ್ಟಿಯಾಗ ಹಿಸುಕಿ ನೋಡಿನೇ ನೀರು ಬಿಡ್ತಾನ. ಆದ್ರ ಹೋಗೋಮುಂದ ನನ್ನ ದೀಪದ ಕಡೆ ಒಮ್ಮೆ ಹೊಳ್ಳಿ ನೋಡ್ತಾನ.